ಎಣಿಕೆ ಮೇಷ್ಟ್ರ ಕನ್ನಡಿ

ನಮ್ಮ ಭಾವನಿಗೆ ವಿಮಾನ ಹಾರಿಸುವುದಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ನೆಂಟರಲ್ಲಿ ಅರ್ಧ ಜನ ಅವರನ್ನು ಪೈಲಟ್ ಎಂದೇ ನಂಬಿದ್ದಾರೆ, ಉಳಿದರ್ಧ ಜನ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಾರೆ ಎಂದುಕೊಂಡಿದ್ದಾರೆ. ಅವರು ಎರಡೂ ಅಲ್ಲ, ಮೇಷ್ಟ್ರು. ವಿಮಾನವನ್ನು ತಪಾಸಣೆ ಮಾಡುವುದು ಹೇಗೆ, ರಿಪೇರಿ ಮಾಡುವಾಗ ತಾನೂ ಸಾಯದೆ ಹತ್ತಿದವರನ್ನೂ ಸಾಯಿಸದೆ ಇರುವುದು ಹೇಗೆ ಎಂದು ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರಿಗೆ ಕಲಿಸುತ್ತಾರೆ. ನಾನು ಅವರ ಹೆಂಡತಿಯ ತಮ್ಮ, ಅದೇ ಸಂಸ್ಥೆಯ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ಮಹಡಿ ಮೇಲೆ ಅವರು, ಕೆಳಗೆ ನಾನು ಮತ್ತು ಅಮ್ಮ. ಹೀಗಾಗಿ ಸುರಕ್ಷತೆಯ ಉಪದೇಶದಿಂದ ನನಗೆ ಭಾನುವಾರವೂ ರಜೆ ಇಲ್ಲ.

ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು 'ಎಣಿಕೆ ಮೇಷ್ಟ್ರು'. ಅವರ ಬಳಿ ಒಂದು ಕೆಂಪು ಉಕ್ಕಿನ ಪೆಟ್ಟಿಗೆ ಇದೆ. ಅದರ ಮೂರು ಖಾನೆಗಳಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಟಾರ್ಚು ಎಲ್ಲ ಸೇರಿ ನಲವತ್ತೊಂದು ಸಾಮಾನು. ಒಂದೊಂದಕ್ಕೂ ಸ್ಪಂಜಿನಲ್ಲಿ ಅದರದೇ ಆಕಾರದ ಹಾಸಿಗೆ, ಒಂದೊಂದರ ಮೈಮೇಲೂ ಕೊರೆದ ನಂಬರು. ಕೆಲಸ ಶುರು ಮಾಡುವ ಮುಂಚೆ ಎಣಿಸಬೇಕು, ಮುಗಿದ ಮೇಲೆ ಎಣಿಸಬೇಕು. ಒಂದು ಕಮ್ಮಿಯಾದರೂ ವಿಮಾನ ನೆಲ ಬಿಡಕೂಡದು.

"ಕೈಯಿಂದ ಜಾರಿದ ಸ್ಪ್ಯಾನರ್ ನೆಲದ ಮೇಲಿದ್ರೆ ಅದು ಸ್ಪ್ಯಾನರ್. ವಿಮಾನದ ಹೊಟ್ಟೆಯೊಳಗಿದ್ರೆ ಅದು ಯಮ," ಎನ್ನುತ್ತಾರೆ ಭಾವ, ಪ್ರತಿ ವರ್ಷ, ಮೊದಲ ತರಗತಿಯಲ್ಲಿ. ಆಮೇಲೆ ಕನ್ನಡಕ ಒರೆಸಿಕೊಂಡು, "ಇಪ್ಪತ್ತಾರು ವರ್ಷ ಆಯ್ತು. ನನ್ನ ಪೆಟ್ಟಿಗೆಯಿಂದ ಒಂದು ವಾಷರ್ ಕೂಡ ಕಳೆದಿಲ್ಲ," ಎಂದು ಸೇರಿಸುತ್ತಾರೆ. ಈ ಎರಡನೇ ಮಾತನ್ನು ಅವರು ತರಗತಿಯಲ್ಲಷ್ಟೇ ಹೇಳಿದ್ದರೆ ಚಿಂತೆಯಿರಲಿಲ್ಲ. ತರಕಾರಿಯವನಿಗೂ ಹೇಳುತ್ತಾರೆ.

ಮನೆಯಲ್ಲಿ ಅವರು ಚಮಚ ಎಣಿಸುತ್ತಾರೆ, ಚಪ್ಪಲಿ ಎಣಿಸುತ್ತಾರೆ. ಒಮ್ಮೆ ಮಿಕ್ಸಿಯ ತಂತಿ ಸ್ವಲ್ಪ ಹರಿದಿತ್ತೆಂದು ಅದಕ್ಕೆ 'ಬಳಸಬಾರದು' ಎಂದು ಕೆಂಪು ಚೀಟಿ ಕಟ್ಟಿದರು. ಅಕ್ಕ ಆ ಚೀಟಿಯನ್ನು ಬಿಚ್ಚಿ ಅವರ ಆರಾಮ ಕುರ್ಚಿಗೆ ಕಟ್ಟಿದಳು. ಮಿಕ್ಸಿ ಅದೇ ದಿನ ರಿಪೇರಿಯಾಯಿತು.

ಈಗ ಆ ನಲವತ್ತೊಂದನೇ ಸಾಮಾನಿನ ವಿಷಯ. ಅದೊಂದು ಪುಟ್ಟ ದುಂಡು ಕನ್ನಡಿ. ರೇಡಿಯೋದ ಏರಿಯಲ್ ಹಾಗೆ ಎಳೆದಷ್ಟೂ ಉದ್ದವಾಗುವ ಕಡ್ಡಿಯ ತುದಿಯಲ್ಲಿ ಕೂತಿರುತ್ತದೆ. ಇಂಜಿನ್ನಿನ ಹಿಂದೆ, ತಗಡಿನ ಸಂದಿಯಲ್ಲಿ, ಕಣ್ಣು ತಲುಪದ ಕಡೆ ಬಿರುಕು ಇದೆಯೇ ಎಂದು ನೋಡಲು ಅದನ್ನು ತೂರಿಸುತ್ತಾರೆ.

ಒಂದು ಬುಧವಾರ ಸಂಜೆ ತರಗತಿ ಮುಗಿಯಿತು. ವಿದ್ಯಾರ್ಥಿಗಳು ಹೋದರು. ಭಾವ ಎಣಿಸಲು ನಿಂತರು. ಕೆಳಗಿನ ಖಾನೆ ನೋಡಬೇಕೆಂದರೆ ಬಗ್ಗಬೇಕು, ಬಗ್ಗಿದರೆ ಅವರ ಮಂಡಿ ಮುಷ್ಕರ ಹೂಡುತ್ತದೆ. ಆದ್ದರಿಂದ ಕನ್ನಡಿಯ ಕಡ್ಡಿಯನ್ನು ಉದ್ದ ಮಾಡಿ, ನಿಂತ ಹಾಗೆಯೇ ಕೆಳಗಿನ ಖಾನೆಯನ್ನು ಅದರಲ್ಲಿ ನೋಡುತ್ತ ಎಣಿಸಿದರು. ಮೂವತ್ತೊಂಬತ್ತು, ನಲವತ್ತು. ಕೈಯಲ್ಲಿರುವ ಕನ್ನಡಿ ನಲವತ್ತೊಂದು. ಎಣಿಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ ಎನ್ನುವುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಅಷ್ಟರಲ್ಲಿ ಫೋನ್ ಬಂತು.

"ಬರ್ತಾ ಬಟ್ಟೆ ಸೋಪು ತನ್ನಿ. ನೀಲಿದು. ಹೋದ್ಸಲ ತಂದ ಹಾಗೆ ಹಸಿರು ತರಬೇಡಿ," ಎಂದಳು ಅಕ್ಕ.

ನೀಲಿ, ನೀಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಭಾವ ಪೆಟ್ಟಿಗೆಗೆ ಬೀಗ ಹಾಕಿದರು, ಪುಸ್ತಕದಲ್ಲಿ 'ನಲವತ್ತೊಂದು, ಸರಿ' ಎಂದು ಬರೆದು ಸಹಿ ಮಾಡಿದರು, ಪೆನ್ನನ್ನು ಮೇಜಿನ ಮೇಲಿಟ್ಟರು, ಕನ್ನಡಿಯ ಕಡ್ಡಿಯನ್ನು ಒಳಕ್ಕೆ ತಳ್ಳಿ ಪೆನ್ನಿನ ಹಾಗೆ ಕೋಟಿನ ಜೇಬಿಗೆ ಸಿಕ್ಕಿಸಿಕೊಂಡರು. ಮನೆಗೆ ಬಂದರು. ಸೋಪು ನೀಲಿಯದೇ ಆಗಿತ್ತು. ಅಕ್ಕ ಮೆಚ್ಚಿಕೊಂಡಳು.

ಮರುದಿನ ಬೆಳಗ್ಗೆ ಅವರು ಒಗೆದಿಟ್ಟ ಇನ್ನೊಂದು ಕೋಟು ಹಾಕಿಕೊಂಡು ಹೊರಟರು. ಹಳೆಯದನ್ನು ನೆನೆಹಾಕುವ ಮುಂಚೆ ಜೇಬು ನೋಡಿದವಳು ನಮ್ಮಮ್ಮ.

ಅಮ್ಮನ ಕಥೆ ಹೀಗೆ. ಎರಡು ವಾರದಿಂದ ಅವಳ ಬಾಯಲ್ಲಿ ಒಂದು ಹಲ್ಲು ಅಲ್ಲಾಡುತ್ತಿತ್ತು. ಯಾವುದೆಂದು ಅವಳಿಗೆ ಕಾಣುತ್ತಿರಲಿಲ್ಲ. "ನಮ್ಮನೆ ಕನ್ನಡಿ ಗೋಡೆ ಮೇಲಿದೆ, ಹಲ್ಲು ಬಾಯಲ್ಲಿದೆ. ಎರಡೂ ಸೇರೋದು ಹೇಗೆ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಳು. ನಾವು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅಳಿಯನ ಜೇಬಿನಲ್ಲಿ ಬಾಯೊಳಗೆ ಸಲೀಸಾಗಿ ಹೋಗುವಂಥ, ಹಿಡಿಯಲು ಕಡ್ಡಿಯೂ ಇರುವ ಪುಟ್ಟ ಕನ್ನಡಿ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡೇ," ಎಂದಳು ಅಕ್ಕನಿಗೆ. "ಹೆತ್ತ ಮಗ ಒಂದಿನ ಕೇಳಲಿಲ್ಲ. ಅಳಿಯಂದಿರು ಮಾತಾಡದೆ ತಂದಿದ್ದಾರೆ. ಕೈಗೆ ಕೊಡೋಕೆ ಸಂಕೋಚ, ಜೇಬಲ್ಲೇ ಬಿಟ್ಟುಹೋಗಿದ್ದಾರೆ."

ಇತ್ತ ಸಂಸ್ಥೆಯಲ್ಲಿ ಅಂದು ದೊಡ್ಡ ದಿನ. ವಿಮಾನಯಾನ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಅವರು ಒಪ್ಪಿದರೆ ಸಂಸ್ಥೆಯ ಮಾನ್ಯತೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳಿಲ್ಲ, ನನಗೆ ಕೆಲಸವೂ ಇಲ್ಲ. ನಮ್ಮಲ್ಲಿರುವುದು ನಾಲ್ಕು ಸೀಟಿನ ಒಂದೇ ವಿಮಾನ. ವಿದ್ಯಾರ್ಥಿಗಳು ಅದನ್ನು ತಪಾಸಣೆ ಮಾಡಿ ಸಿದ್ಧಗೊಳಿಸಬೇಕು, ಮಧ್ಯಾಹ್ನ ಮೂರಕ್ಕೆ ಅಧಿಕಾರಿ ಸ್ವತಃ ಅದರಲ್ಲಿ ಕೂತು ಒಂದು ಸುತ್ತು ಹಾರಬೇಕು ಎಂದು ಏರ್ಪಾಟು.

ಬೆಳಗ್ಗೆ ಎಂಟಕ್ಕೇ ಪ್ರಿನ್ಸಿಪಾಲರು ವಿಮಾನದ ಶೆಡ್ಡಿನ ಬಾಗಿಲಲ್ಲಿ ಹಾಜರು.

"ಶುರು ಮಾಡಿ ಮೇಷ್ಟ್ರೆ, ಬೇಗ."

"ಎಣಿಸಿಬಿಡ್ತೀನಿ ಸರ್."

"ನಿನ್ನೆ ಸಂಜೆ ಎಣಿಸಿ ಬೀಗ ಹಾಕಿದ್ದೀರಿ. ರಾತ್ರೋರಾತ್ರಿ ಅವೇನು ಮರಿ ಹಾಕ್ತಾವಾ? ಶುರು ಮಾಡಿ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಭಾವ ಎಣಿಸದೆ ಪೆಟ್ಟಿಗೆ ತೆರೆದರು. ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ಸಾಮಾನು ತೆಗೆದುಕೊಂಡು ವಿಮಾನಕ್ಕೆ ಮುತ್ತಿದರು. ಎಣ್ಣೆ ಬದಲಾಯಿಸಿದರು, ಚಕ್ರ ನೋಡಿದರು, ಸೀಟಿನ ಕೆಳಗಿನ ತಗಡು ಬಿಚ್ಚಿ ರೆಕ್ಕೆ ಬಾಲಗಳನ್ನು ಆಡಿಸುವ ಉಕ್ಕಿನ ತಂತಿಗಳನ್ನು ಸವರಿ ನೋಡಿದರು, ತಗಡು ಮುಚ್ಚಿದರು. ಹನ್ನೊಂದಕ್ಕೆ ಕೆಲಸ ಮುಗಿಯಿತು. ಭಾವ ಎಣಿಸಿದರು. ನಲವತ್ತು.

ಮತ್ತೆ ಎಣಿಸಿದರು. ನಲವತ್ತು. ಹಿಂದಿನಿಂದ ಎಣಿಸಿದರು. ಆಗಲೂ ನಲವತ್ತೇ. ಕನ್ನಡಿಯ ಹಾಸಿಗೆ ಖಾಲಿಯಾಗಿತ್ತು.

ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಶೆಡ್ಡಿನಲ್ಲಿ ಹೆಲ್ಮೆಟ್ ತೆಗೆಯಬಾರದು ಎಂದು ಭಾವ ಮೊದಲ ದಿನ ಹೇಳಿದ್ದನ್ನು ಅವಳು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಳೆಂದರೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗಲೂ ತೆಗೆಯುತ್ತಿರಲಿಲ್ಲ. ಎಲ್ಲರೂ ಅವಳನ್ನು ಹೆಲ್ಮೆಟ್ ಎಂದೇ ಕರೆಯುತ್ತಿದ್ದರು. ಅವಳು ಕೈಯೆತ್ತಿ, "ಸರ್, ಬೆಳಗ್ಗೆ ಎಣಿಸಿದ್ವಾ?" ಎಂದಳು.

"ಎಣಿಸದೆ ಕೆಲಸ ಶುರು ಮಾಡ್ತೀನಾ ನಾನು?" ಎಂದರು ಭಾವ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಪ್ಪತ್ತಾರು ವರ್ಷ ಎಣಿಸಿದ ಮನುಷ್ಯನಿಗೆ ಒಂದು ದಿನ ಎಣಿಸಲಿಲ್ಲ ಎನ್ನುವುದು ನೆನಪಿನಲ್ಲಿ ಉಳಿಯುವುದೇ ಇಲ್ಲ. ಹುಡುಗಿ ಕೈ ಇಳಿಸಿದಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಭಾವ ವಿಮಾನದ ಬಾಗಿಲಿಗೆ ಕೆಂಪು ಚೀಟಿ ಕಟ್ಟಿದರು. 'ಹಾರಿಸಬಾರದು'.

ಸುದ್ದಿ ಕೇಳಿ ಪ್ರಿನ್ಸಿಪಾಲರು ಓಡಿ ಬಂದರು. "ಕನ್ನಡಿ ತಾನೆ ಮೇಷ್ಟ್ರೆ, ಬಾಂಬ್ ಅಲ್ಲವಲ್ಲ. ಹಾರಬಹುದು ಅಂತ ಸಹಿ ಹಾಕಿ."

"ಕನ್ನಡಿಗೆ ಒಂದು ಗೇಣುದ್ದ ಉಕ್ಕಿನ ಕಡ್ಡಿ ಇದೆ ಸರ್. ಅದು ಹೋಗಿ ತಂತಿಗೆ ಅಡ್ಡ ಕೂತ್ರೆ ಪೈಲಟ್ ಎಡಕ್ಕೆ ತಿರುಗಿಸಿದಾಗ ವಿಮಾನ ಎಡಕ್ಕೆ ತಿರುಗಲ್ಲ."

"ಬಲಕ್ಕೆ ತಿರುಗಿಸಿಕೊಂಡು ಬರಲಿ. ಒಂದು ಸುತ್ತು ತಾನೆ."

ಭಾವ ಕೋಟಿನ ತೋಳು ಮಡಿಸಿ, "ತಗಡುಗಳನ್ನೆಲ್ಲ ಬಿಚ್ಚಿ," ಎಂದು ವಿದ್ಯಾರ್ಥಿಗಳಿಗೆ ಹೇಳಿದರು.

ಸರಿಯಾಗಿ ಹನ್ನೆರಡಕ್ಕೆ ಅಧಿಕಾರಿ ಬಂದಾಗ ವಿಮಾನ ಸುಲಿದ ಹಣ್ಣಿನ ಹಾಗೆ ನಿಂತಿತ್ತು. ಸೀಟುಗಳು ಅಂಗಳದಲ್ಲಿ ಸಾಲಾಗಿ ಕೂತಿದ್ದವು. ಹೊಟ್ಟೆಯಡಿಯಿಂದ ಆರು ಜೊತೆ ಕಾಲುಗಳು ಚಾಚಿಕೊಂಡಿದ್ದವು. ಅಧಿಕಾರಿ ಎತ್ತರದ ಸಣಕಲು ಮನುಷ್ಯ. ಮಾತು ಕಮ್ಮಿ. ಏನೇ ಕೇಳಿಸಿಕೊಂಡರೂ "ಹೂಂ" ಎಂದು ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

"ವಿದ್ಯಾರ್ಥಿಗಳಿಗೆ ಒಳಭಾಗದ ಪರಿಚಯ ಮಾಡಿಸ್ತಿದ್ದೇವೆ," ಎಂದರು ಪ್ರಿನ್ಸಿಪಾಲರು.

"ಹೂಂ."

"ಇಲ್ಲ ಸರ್," ಎಂದಿತು ವಿಮಾನದ ಹೊಟ್ಟೆಯೊಳಗಿನಿಂದ ಭಾವನ ದನಿ. "ಒಂದು ಸಾಮಾನು ಕಳೆದಿದೆ. ಹುಡುಕ್ತಿದ್ದೇವೆ."

"ಹೂಂ," ಎಂದರು ಅಧಿಕಾರಿ. ಈ ಸಲ ಸ್ವಲ್ಪ ಉದ್ದವಾಗಿ ಬರೆದುಕೊಂಡರು. ಪ್ರಿನ್ಸಿಪಾಲರು ಟೈ ಸರಿ ಮಾಡಿಕೊಂಡರು. ವಿಮಾನ ಹಾರಿಸಬೇಕಾಗಿದ್ದ ಪೈಲಟ್ ಮಾತ್ರ ಹೊರಗಿಟ್ಟ ಸೀಟೊಂದರಲ್ಲಿ ಕಾಲು ಚಾಚಿ ಕೂತು, "ಸಿಗೋವರೆಗೆ ನಾನಂತೂ ಹತ್ತಲ್ಲಪ್ಪ," ಎಂದು ಚಹಾ ತರಿಸಿಕೊಂಡರು.

ಒಂದು ಗಂಟೆ ಹುಡುಕಿದರು. ಸಿಕ್ಕಿದ್ದು ಒಂದು ಬಿಸ್ಕತ್ತಿನ ಕಾಗದ, ಒಂದು ಕೋಟಿನ ಗುಂಡಿ. ಒಂದೂವರೆಗೆ ಹೆಲ್ಮೆಟ್ ಹುಡುಗಿ ಬಾಲದ ಕಡೆಯ ಇಕ್ಕಟ್ಟಿನೊಳಗೆ ತಲೆ ತೂರಿಸಿದಳು. "ಸರ್, ಏನೋ ಹೊಳೀತಿದೆ. ರಾಟೆ ಪಕ್ಕದಲ್ಲೇ," ಎಂದಳು. ಎಲ್ಲರೂ ಅತ್ತ ಬಗ್ಗಿದರು. ಉಕ್ಕಿನ ತಂತಿ ರಾಟೆಯ ಮೇಲೆ ಓಡುವ ಜಾಗದಿಂದ ಎರಡೇ ಬೆರಳು ಅಂತರದಲ್ಲಿದ್ದ ಆ ವಸ್ತುವನ್ನು ಅವಳು ಇಕ್ಕಳದಲ್ಲಿ ಹಿಡಿದು ಹೊರಗೆ ತಂದಳು. ಕನ್ನಡಿಯಲ್ಲ. ಚಿನ್ನದ ಬಣ್ಣದ ಕೊಕ್ಕೆಯ ಒಂದು ದಪ್ಪ ಪೆನ್ನು.

ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ಓದಿದರು. "'ಪ್ರಿನ್ಸಿಪಾಲರಿಗೆ, ಸಿಬ್ಬಂದಿ ವರ್ಗದಿಂದ, ಪ್ರೀತಿಪೂರ್ವಕ.' ಯಾರದಿದು?"

ಎಲ್ಲರೂ ಪ್ರಿನ್ಸಿಪಾಲರ ಕಡೆ ನೋಡಿದರು.

"ಎಲ್ಲೋ ನೋಡಿದ ಹಾಗಿದೆ," ಎಂದರು ಪ್ರಿನ್ಸಿಪಾಲರು.

ಕಳೆದ ವರ್ಷ ಸಂಸ್ಥೆಯ ಪುಸ್ತಿಕೆಗೆಂದು ವಿಮಾನದೊಳಗೆ ಬಗ್ಗಿ ನಿಂತು ಫೋಟೋ ತೆಗೆಸಿಕೊಂಡದ್ದು ಅವರಿಗೆ ಆಗ ನೆನಪಾಗಿರಬೇಕು. ಅವರು ಟೈ ಸಡಿಲಿಸಿ, ಯಾರೂ ಹೇಳದೆಯೇ ಮಂಡಿಯೂರಿ ಕೂತು ಹುಡುಕಲು ಶುರು ಮಾಡಿದರು. ಸಹಿಯ ಮಾತು ಮತ್ತೆ ಎತ್ತಲಿಲ್ಲ.

ನನಗೆ ಅಕ್ಕನ ಫೋನ್ ಬಂದದ್ದು ಆಗಲೇ.

"ನಿಮ್ಮ ಭಾವ ಫೋನ್ ತೆಗೀತಿಲ್ಲ. ಹಲ್ಲು ಯಾವುದು ಅಂತ ಸಿಕ್ತು, ಬೀಳೋ ಹಾಗಿದೆ, ಡಾಕ್ಟರ್ ಹತ್ರ ಹೋಗ್ತೀವಿ ಅಂತ ಹೇಳು. ಅಮ್ಮ ಬೆಳಗ್ಗೆಯಿಂದ ಅವರ ಗುಣಗಾನ ಮಾಡಿ ಮಾಡಿ ಬೀದಿಯವರಿಗೆಲ್ಲ ಕನ್ನಡಿ ತೋರಿಸಿದ್ದಾಳೆ."

"ಯಾವ ಕನ್ನಡಿ?"

"ಅದೇ, ಉದ್ದ ಕಡ್ಡಿದು. ಅವರೇ ತಂದದ್ದು."

ನಾನು ಯಾರಿಗೂ ಹೇಳದೆ ಸ್ಕೂಟರ್ ಹತ್ತಿದೆ. ಹತ್ತು ನಿಮಿಷದ ದಾರಿಯನ್ನು ಆರು ನಿಮಿಷದಲ್ಲಿ ಮುಗಿಸಿದೆ. ಭಾವ ನೋಡಿದ್ದರೆ ನನಗೂ ಕೆಂಪು ಚೀಟಿ ಕಟ್ಟುತ್ತಿದ್ದರು.

ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು, ಕೆನ್ನೆಗೆ ಕೈ, ಮುಖದಲ್ಲಿ ಸಮಾಧಾನ. "ಅಮ್ಮ, ಕನ್ನಡಿ ಎಲ್ಲಿ?"

"ಎದುರುಮನೆಯವಳು ತಗೊಂಡು ಹೋದ್ಲು. ಅವಳ ಓಲೆ ಬೀರು ಹಿಂದೆ ಬಿದ್ದಿದೆಯಂತೆ. ಯಾಕೋ, ನಿಂಗೂ ಹಲ್ಲು ನೋವಾ?"

ಎದುರುಮನೆಗೆ ಹೋದೆ. ಆಕೆ ಓಲೆ ಹಾಕಿಕೊಂಡೇ ಬಾಗಿಲು ತೆಗೆದರು. "ಸಿಕ್ತಪ್ಪ. ಎಂಥ ಒಳ್ಳೇ ಕನ್ನಡಿ ಅಂತೀನಿ. ಬೀರು ಹಿಂದೆ ಮೂರು ಜಿರಳೆನೂ ಕಾಣಿಸ್ತು. ನಿಮ್ಮ ಭಾವನಿಗೆ ಹೇಳು, ನಮಗೂ ಒಂದು ತಂದುಕೊಡಲಿ."

"ಕನ್ನಡಿ ಕೊಡಿ ಆಂಟಿ, ಅರ್ಜೆಂಟು."

"ನಮ್ಮಲ್ಲೆಲ್ಲಿದೆ? ಮೂಲೆಮನೆ ಪೋಸ್ಟ್‌ಮಾಸ್ಟರ್ ಕೇಳಿದ್ರು, ಕೊಟ್ಟೆ."

ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ವರಾಂಡದಲ್ಲಿ ಗೋಡೆ ಕನ್ನಡಿಗೆ ಬೆನ್ನು ಮಾಡಿ ನಿಂತು, ನಮ್ಮ ಕನ್ನಡಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಕತ್ತು ಓರೆ ಮಾಡಿ ತಮ್ಮ ಬೋಳು ತಲೆಯ ಹಿಂಭಾಗವನ್ನು ಪರೀಕ್ಷಿಸುತ್ತಿದ್ದರು. ಮೂರು ತಿಂಗಳಿಂದ ಯಾವುದೋ ಎಣ್ಣೆ ಹಚ್ಚುತ್ತಿದ್ದರಂತೆ.

"ಸರ್, ಕನ್ನಡಿ ಬೇಕಾಗಿತ್ತು."

"ತಾಳಪ್ಪ. ಬಲಗಡೆ ನೋಡಿ ಆಯ್ತು. ಎಡಗಡೆ ಬಾಕಿ ಇದೆ."

"ವಿಮಾನ ನಿಂತಿದೆ ಸರ್."

"ನನ್ನ ಕೂದಲು ಹದಿನೈದು ವರ್ಷದಿಂದ ನಿಂತಿದೆ. ಎರಡು ನಿಮಿಷ ತಾಳು."

ನಾನು ಅವರ ಹಿಂದೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದೆ. "ಎಡಗಡೆ ಬಂದಿದೆ ಸರ್. ಹುಲ್ಲು ಚಿಗುರಿದ ಹಾಗಿದೆ," ಎಂದೆ. ಆ ಸುಳ್ಳಿಗೆ ನನಗೆ ಕ್ಷಮೆ ಇರಲಿ. ಅವರು ಕಣ್ತುಂಬಿ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಎರಡೂವರೆಗೆ ವಾಪಸ್ಸು ಮುಟ್ಟಿದೆ. ಭಾವನನ್ನು ಸಾಮಾನು ಕೋಣೆಗೆ ಕರೆದು ಕನ್ನಡಿ ಕೈಗಿಟ್ಟೆ. ವಾಸನೆ ಹಿಡಿದ ಹಾಗೆ ಪ್ರಿನ್ಸಿಪಾಲರೂ ಹಿಂದೆಯೇ ಬಂದರು. ಭಾವ ಕನ್ನಡಿಯನ್ನು ತಿರುಗಿಸಿ ನಂಬರು ನೋಡಿದರು. ನಲವತ್ತೊಂದು. ನಾನು ನಡೆದದ್ದೆಲ್ಲ ಹೇಳಿದೆ. ಅವರು ಒಂದು ಡಬ್ಬದ ಮೇಲೆ ಕೂತುಬಿಟ್ಟರು.

"ಹಾಗಾದ್ರೆ ಬೆಳಗ್ಗೆ ನಾನು ಎಣಿಸಲಿಲ್ಲ," ಎಂದರು ಮೆಲ್ಲಗೆ. "ಆ ಹುಡುಗಿ ಕೇಳಿದ್ಲು. ಗದರಿಸಿಬಿಟ್ಟೆ."

"ಎಣಿಸಬೇಡಿ ಅಂದವನು ನಾನು," ಎಂದರು ಪ್ರಿನ್ಸಿಪಾಲರು. ಆಮೇಲೆ ದನಿ ತಗ್ಗಿಸಿದರು. "ನೋಡಿ ಮೇಷ್ಟ್ರೆ, ಆದದ್ದು ಆಯ್ತು. ಕನ್ನಡಿ ಸಿಕ್ಕಿದೆ. ಮೆಲ್ಲಗೆ ಸೀಟಿನ ಕೆಳಗೆ ಇಡೋಣ. ಯಾರಾದ್ರೂ ಹುಡುಗರು ನೋಡ್ತಾರೆ, ಚಪ್ಪಾಳೆ ತಟ್ಟೋಣ. ನಿಮ್ಮ ಇಪ್ಪತ್ತಾರು ವರ್ಷಕ್ಕೂ ಚ್ಯುತಿ ಇಲ್ಲ, ಸಂಸ್ಥೆಗೂ ತೊಂದರೆ ಇಲ್ಲ."

ನನಗೂ ಅದೇ ಸರಿ ಎನ್ನಿಸಿತು. "ಹೌದು ಭಾವ, ಯಾರಿಗೆ ಗೊತ್ತಾಗುತ್ತೆ?" ಎಂದೆ.

ಭಾವ ಕನ್ನಡಿಯನ್ನು ಮುಖದೆದುರು ಹಿಡಿದರು. ಅದರಲ್ಲಿ ಅವರ ಒಂದು ಕಣ್ಣು ಮತ್ತು ಅರ್ಧ ಮೂಗು ಮಾತ್ರ ಕಾಣುತ್ತಿತ್ತು.

"ಸೀಟಿನ ಕೆಳಗೆ ಸಿಕ್ತು ಅಂದ್ರೆ ಈ ಮಕ್ಕಳು ಜೀವಮಾನವಿಡೀ ಸೀಟಿನ ಕೆಳಗೆ ಹುಡುಕ್ತಾರೆ ಸರ್," ಎಂದರು. "ಅದು ಇದ್ದದ್ದು ಮೇಷ್ಟ್ರ ಜೇಬಲ್ಲಿ. ಅಲ್ಲಿ ಹುಡುಕೋದನ್ನ ಯಾರು ಕಲಿಸ್ತಾರೆ?"

ಎದ್ದು ಹೊರಗೆ ಹೋದರು. ನಾವಿಬ್ಬರೂ ಅವರ ಹಿಂದೆ ಹೋದೆವು.

ವಿದ್ಯಾರ್ಥಿಗಳು ಅರ್ಧವರ್ತುಲವಾಗಿ ನಿಂತರು. ಅಧಿಕಾರಿ ಪುಸ್ತಕ ತೆರೆದರು. ಭಾವ ಕನ್ನಡಿ ಎತ್ತಿ ತೋರಿಸಿ, ಬುಧವಾರ ಸಂಜೆಯ ಎಣಿಕೆಯಿಂದ ಶುರು ಮಾಡಿ, ಮಂಡಿನೋವು, ನೀಲಿ ಸೋಪು, ಕೋಟಿನ ಜೇಬು, ಅತ್ತೆಯವರ ಹಲ್ಲು, ಬೀರು ಹಿಂದಿನ ಓಲೆ, ಪೋಸ್ಟ್‌ಮಾಸ್ಟರ ತಲೆ ಏನನ್ನೂ ಬಿಡದೆ ಹೇಳಿದರು. ಪ್ರಿನ್ಸಿಪಾಲರು ಆತುರಪಡಿಸಿದ್ದನ್ನು ಮಾತ್ರ ಹೇಳಲಿಲ್ಲ. ಮೊದಮೊದಲು ಯಾರೂ ನಗಲಿಲ್ಲ. ಹಲ್ಲಿನ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ಜಿರಳೆ ಬರುವಷ್ಟರಲ್ಲಿ ಶೆಡ್ಡಿನ ತಗಡು ಅದುರುವ ಹಾಗೆ ಎಲ್ಲರೂ ನಗುತ್ತಿದ್ದರು, ಪೈಲಟ್ ಚಹಾ ಚೆಲ್ಲಿಕೊಂಡಿದ್ದರು.

ನಗು ಇಳಿದ ಮೇಲೆ ಭಾವ ಹೆಲ್ಮೆಟ್ ಹುಡುಗಿಯ ಕಡೆ ತಿರುಗಿದರು. "ನೀನು ಸರಿಯಾದ ಪ್ರಶ್ನೆ ಕೇಳಿದೆ ಮಗು. ನಾನು ತಪ್ಪು ಉತ್ತರ ಕೊಟ್ಟೆ. ಮುಂದೆ ಯಾವ ಮೇಷ್ಟ್ರು ಗದರಿಸಿದ್ರೂ ಕೈ ಇಳಿಸಬೇಡ."

ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಬಿಗಿ ಮಾಡಿಕೊಂಡಳು.

"ಆತುರ ಮಾಡಿದ್ದು ನಾನು," ಎಂದರು ಪ್ರಿನ್ಸಿಪಾಲರು ಇದ್ದಕ್ಕಿದ್ದಂತೆ. "ಆ ಪೆನ್ನೂ ನನ್ನದೇ." ಅದನ್ನು ಹೇಳಿದ ಮೇಲೆ ಅವರು ಬೆಳಗ್ಗಿನಿಂದ ಮೊದಲ ಬಾರಿಗೆ ನೆಟ್ಟಗೆ ನಿಂತರು.

ಅಧಿಕಾರಿ ಘಟನೆಯ ವರದಿ ಹಾಳೆಯನ್ನು ಭಾವನ ಮುಂದಿಟ್ಟರು. 'ಕಾರಣ' ಎಂಬ ಜಾಗದಲ್ಲಿ ಭಾವ ತಮ್ಮ ಹೆಸರು ಬರೆದು, ಕೆಳಗೆ 'ಕೆಲಸಕ್ಕೆ ಮುಂಚೆ ಎಣಿಸಲಿಲ್ಲ' ಎಂದು ಬರೆದರು. ಪ್ರಿನ್ಸಿಪಾಲರು ತಾವೂ ಒಂದು ಸಾಲು ಸೇರಿಸಿದರು, ಅದೇ ಪೆನ್ನಿನಲ್ಲಿ. ಅದು ಇನ್ನೂ ಬರೆಯುತ್ತಿತ್ತು.

ಅಧಿಕಾರಿ ಓದಿದರು. ಅಂದು ಅವರಾಡಿದ ಅತಿ ಉದ್ದದ ಮಾತು ಆಗ ಬಂತು.

"ಈ ಹಾಳೆಗಳನ್ನ ಹದಿನೆಂಟು ವರ್ಷದಿಂದ ಓದ್ತಿದೀನಿ. ಎಲ್ಲ ಕಡೆ ಕಾರಣ 'ತಿಳಿದುಬಂದಿಲ್ಲ' ಅಂತಲೇ ಇರುತ್ತೆ. ಮುಚ್ಚಿ, ತಗಡುಗಳನ್ನ. ನಾನು ಕಾಯ್ತೀನಿ."

ವಿದ್ಯಾರ್ಥಿಗಳು ಒಂದೊಂದೇ ತಗಡು ಮುಚ್ಚಿದರು. ಈ ಸಲ ಎಣಿಸಿದ್ದು ಹೆಲ್ಮೆಟ್ ಹುಡುಗಿ. ಒಂದರಿಂದ ನಲವತ್ತೊಂದರವರೆಗೆ ಪ್ರತಿ ಸಾಮಾನಿನ ಮೇಲೆ ಬೆರಳಿಟ್ಟು, ಹಾಸಿಗೆಯಲ್ಲಿ ಮಲಗಿಸಿದ ಮೇಲೆಯೇ ಲೆಕ್ಕ ಹಿಡಿದಳು. ಭಾವ ಕೆಂಪು ಚೀಟಿ ಬಿಚ್ಚಿದರು. ನಾಲ್ಕೂವರೆಗೆ ವಿಮಾನ ಎದ್ದಿತು. ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು, ನಮ್ಮ ತಲೆ ಮೇಲೆ ಒಂದು ಸುತ್ತು ಹಾಕಿ ಮೆತ್ತಗೆ ಇಳಿಯಿತು. ಇಳಿದು ಬಂದ ಅಧಿಕಾರಿ "ಹೂಂ" ಎಂದರು. ಮಾನ್ಯತೆಯ ಪತ್ರ ಮುಂದಿನ ತಿಂಗಳು ಬಂತು, ಲಕೋಟೆ ಒಡೆದವನು ನಾನೇ.

ಅಮ್ಮನಿಗೆ ಯಾರೂ ನಿಜ ಹೇಳಲಿಲ್ಲ. ಅಂದು ಸಂಜೆಯೇ ಭಾವ ಹಲ್ಲಿನ ಡಾಕ್ಟರ ಸಾಮಾನು ಮಾರುವ ಅಂಗಡಿಗೆ ಹೋಗಿ ಹೊಸ ಪುಟ್ಟ ಕನ್ನಡಿ ತಂದು, ಮೊದಲಿನದಕ್ಕಿಂತ ಇದು ಒಳ್ಳೆಯದು ಅತ್ತೆ ಎಂದು ಕೈಗೇ ಕೊಟ್ಟರು. ಅಮ್ಮ ಅದನ್ನು ತಿರುಗಿಸಿ ನೋಡಿ, "ಅದರಲ್ಲಿ ಹಲ್ಲು ದೊಡ್ಡದಾಗಿ ಕಾಣ್ತಿತ್ತು," ಎಂದಳು. ಆದರೂ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ, ಬಿದ್ದ ಹಲ್ಲಿನ ಜಾಗವನ್ನು ದಿನಾ ನೋಡಿಕೊಳ್ಳುತ್ತಾಳೆ. ಪೋಸ್ಟ್‌ಮಾಸ್ಟರು ಇನ್ನೆರಡು ಶೀಶೆ ಎಣ್ಣೆ ತರಿಸಿದ್ದಾರೆ ಎಂದು ಕೇಳಿದೆ. ಆ ಬೀದಿಯಲ್ಲಿ ನಾನೀಗ ಸ್ವಲ್ಪ ಬಳಸಿ ಹೋಗುತ್ತೇನೆ.

ಭಾವ ಈಗ ಇಪ್ಪತ್ತಾರು ವರ್ಷದ ಮಾತು ಆಡುವುದಿಲ್ಲ. ಮೊದಲ ತರಗತಿಯಲ್ಲಿ ಕನ್ನಡಿಯ ಕಥೆ ಹೇಳುತ್ತಾರೆ, ಹುಡುಗರು ನಗುತ್ತಾರೆ, ಮರೆಯುವುದಿಲ್ಲ. ಮೊನ್ನೆ ಸಂಜೆ ನಾನು ಅವರ ಜೊತೆ ಮನೆಗೆ ಹೊರಡಲೆಂದು ಶೆಡ್ಡಿಗೆ ಹೋದಾಗ, ಬಾಗಿಲಲ್ಲಿ ಹೆಲ್ಮೆಟ್ ಹುಡುಗಿ ಪುಸ್ತಕ ಹಿಡಿದು ನಿಂತಿದ್ದಳು. ಅವಳ ಮುಂದೆ ಭಾವ ಜೇಬುಗಳನ್ನು ಹೊರಕ್ಕೆ ಎಳೆದು, ಎರಡೂ ಕೈ ಮೇಲೆತ್ತಿ, ಪರೀಕ್ಷೆಗೆ ನಿಂತಿದ್ದರು.

"ಕರವಸ್ತ್ರ ಒಂದು. ಕನ್ನಡಕದ ಡಬ್ಬಿ ಒಂದು. ಮೇಡಂ ಕೊಟ್ಟ ಅಂಗಡಿ ಚೀಟಿ ಒಂದು," ಎಂದು ಬರೆದುಕೊಂಡಳು. "ನೀವಿನ್ನು ಹೋಗಬಹುದು ಸರ್."

"ಥ್ಯಾಂಕ್ಸ್ ಮಗು," ಎಂದರು ಭಾವ. ನೇತಾಡುತ್ತಿದ್ದ ಜೇಬುಗಳನ್ನು ಒಳಗೆ ಹಾಕಿಕೊಳ್ಳುವುದನ್ನೂ ಮರೆತು, ಏನೋ ಗುನುಗುತ್ತ, ನನಗಿಂತ ಮುಂದೆ ಮುಂದೆ ನಡೆದರು.